ವೈನ್ ಅಂದರೆ ಕುಡಿತವಲ್ಲ

ಬಾಸ್ತಿಯಾಂ ತನ್ನ ಗ್ಲಾಸಿನ ಮೇಲೆ ಅಂಗೈ ಮುಚ್ಚಿದ. ಹೋಟೆಲಿನ ಊಟದ ನಡುವೆ ಹೆಣ ಎದ್ದು ಕೂತಿದ್ದರೂ ಅವನ ಮನೆಯವರಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಅಮಿಯಾಂನಿಂದ ಒಂದೇ ವ್ಯಾನಿನಲ್ಲಿ ತುಂಬಿಕೊಂಡು ವೈನಿನ ಸೀಮೆಯಾದ ಬರ್ಗಂಡಿಗೆ ಬರುವುದು ಈ ಸಂಸಾರದ ವ್ರತ. ನೋಡಲಿಕ್ಕಲ್ಲ, ತಿನ್ನಲಿಕ್ಕೆ. ಬೆಳಗಿನ ಕಾಫಿಗೆ ಕೂತರೆ ಮಧ್ಯಾಹ್ನದ ಊಟದ ಮಾತು, ಮಧ್ಯಾಹ್ನ ಕೂತರೆ ರಾತ್ರಿಯದರ ಚಿಂತೆ. ಇಗರ್ಜಿಯಲ್ಲಿ ಆಕಳಿಸುವ ಈ ಜನ ಮೆನು ಓದುವಾಗ ಮಾತ್ರ ಟೋಪಿ ತೆಗೆಯುತ್ತಾರೆ.

ಬಾಸ್ತಿಯಾಂ ಮನೆಗಳ ಚಾವಣಿಗೆ ಹೆಂಚು ಹೊದಿಸುವವನು. ಹೋದ ಚಳಿಗಾಲದಲ್ಲಿ ಒಂದು ಸಂಜೆ ಮಗಳನ್ನು ಶಾಲೆಯ ಗೇಟಿನಲ್ಲಿ ಮರೆತು ಬಾರಿನಲ್ಲೇ ಕೂತುಬಿಟ್ಟ. ಮಳೆಯಲ್ಲಿ ನೆನೆದು ನಡುಗುತ್ತಿದ್ದ ಮಾಯೆಲ್‌ಳನ್ನು ಕರೆದುಕೊಂಡು ಹೆಂಡತಿ ತವರಿಗೆ ಹೋದಳು. ಅಂದಿನಿಂದ ಅವನು ಹನಿ ಮುಟ್ಟಿಲ್ಲ. ಬರುವ ಭಾನುವಾರ, ಮೊದಲ ಸಲ, ಮಗಳನ್ನು ಒಂದು ದಿನ ಅವನ ಬಳಿ ಬಿಡಲು ಹೆಂಡತಿ ಒಪ್ಪಿದ್ದಾಳೆ. ಒಂದು ಗುಟುಕು ಒಳಗೆ ಹೋದರೂ ಆ ಭಾನುವಾರ ಇಲ್ಲ. ಇದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಸುರಿಯುತ್ತಿದ್ದರು.

"ಕುಡಿಯೋದು ಬಿಟ್ಟಿದೀಯ, ಭೇಷ್," ಎಂದ ಸೋದರಮಾವ ರೊಲಾಂ, ಅವನ ಕೈ ಸರಿಸಿ ಗ್ಲಾಸು ತುಂಬಿಸುತ್ತ. "ಕುಡೀಬೇಡ. ವೈನ್ ತಗೋ."

"ವೈನಲ್ಲಿ ಏನಿದೆ ಮಾವ? ಪಾದ್ರಿ ಮಂತ್ರಿಸಿದ ನೀರಾ?"

"ದ್ರಾಕ್ಷಿ ಕಣೋ. ಹಣ್ಣು ತಿನ್ನು ಅಂತ ಡಾಕ್ಟರೇ ಹೇಳಲ್ವಾ?"

"ನಮ್ಮಪ್ಪ ದಿನಕ್ಕೊಂದು ಬಾಟ್ಲಿ ತಗೋತಿದ್ರು," ಎಂದಳು ತಾಯಿ ಸೊಲಾಂಜ್. "ಒಂದು ದಿನಾನಾದ್ರೂ ಕುಡಿದೋರ ಥರ ಇದ್ರಾ?"

"ಕುಡೀದೆ ಇದ್ದಾಗ ಹೇಗಿರ್ತಿದ್ರು ಅಂತ ನೋಡಿದೋರು ಯಾರಮ್ಮ?"

ತಂದೆ ಫಿರ್ಮಾಂ ಶಾಲಾ ಬಸ್ಸಿನ ಚಾಲಕ. ಅವನು ಮಗನ ಕಡೆ ನೋಡದೆಯೇ ಬ್ರೆಡ್ ಮುರಿದ. "ನೀರು ಕುಡಿಯೋಕೆ ಇಷ್ಟು ದೂರ ಬರಬೇಕಿತ್ತಾ? ಮನೇಲಿ ನಲ್ಲಿ ಇರ್ಲಿಲ್ವಾ?"

ಊಟ ಬಂತು. ಮೊಟ್ಟೆ ಕೆಂಪು ವೈನಿನಲ್ಲಿ ಈಜುತ್ತಿತ್ತು. ಹುಂಜ ವೈನಿನಲ್ಲೇ ಬೆಂದು, ಸತ್ತ ಮೇಲೂ ಮತ್ತಿನಲ್ಲಿತ್ತು. ಬೆಂದ ಮೇಲೆ ಅದೆಲ್ಲ ಹಾರಿಹೋಗುತ್ತೆ ಎಂದು ತಾಯಿ ಸಮಾಧಾನ ಹೇಳಿದಳು. "ಹಾರಿಹೋಗೋದಾದ್ರೆ ಹಾಕೋದ್ಯಾಕೆ?" ಎಂದು ಬಾಸ್ತಿಯಾಂ ಬಸವನಹುಳು ತರಿಸಿಕೊಂಡ. ಬೆಳ್ಳುಳ್ಳಿ ಬೆಣ್ಣೆಯಲ್ಲಿ ಚುರುಗುಟ್ಟುತ್ತ ಬಂದ ಆ ಹುಳುಗಳಷ್ಟೇ ಇಡೀ ಮೇಜಿನಲ್ಲಿ ಅವನ ಪಕ್ಷ. ಬ್ರೆಡ್ಡಿನ ತುಂಡಿನಿಂದ ಕೊನೆಯ ಹನಿ ಬೆಣ್ಣೆಯನ್ನೂ ಒರೆಸಿ ತಿಂದ. ಆ ಹೊತ್ತಿಗೆ ಜಗಳವೂ ಮರೆತುಹೋಗಿತ್ತು. ಆದರೆ ಮೂಗು ಮಾತ್ರ ಗ್ಲಾಸಿನ ಕಡೆಗೇ ಹೋಗುತ್ತಿತ್ತು.

ಮೂರನೆಯ ಬಾಟಲಿ ಮುಗಿಯುವಾಗ ಹೊರಗಿಂದ ಬಂದ ರೈತನೊಬ್ಬ ಹೋಟೆಲಿನವನ ಕಿವಿಯಲ್ಲಿ ಏನೋ ಹೇಳಿದ. ಹೋಟೆಲಿನವನು ಎಲ್ಲರಿಗೂ ಕೇಳುವಂತೆ ಕೂಗಿದ: "ಕೆಳಗಿನ ವೃತ್ತದಲ್ಲಿ ಪೊಲೀಸರು ನಿಂತಿದಾರಂತೆ! ಒಬ್ಬೊಬ್ಬರನ್ನೂ ಊದಿಸ್ತಿದಾರಂತೆ!"

ಫಿರ್ಮಾಂನ ಮುಖದ ಕೆಂಪೆಲ್ಲ ಇಳಿಯಿತು. ವ್ಯಾನು ಓಡಿಸಬೇಕಾದವನು ಅವನೇ; ಲೈಸೆನ್ಸ್ ಹೋದರೆ ಬಸ್ಸಿನ ಕೆಲಸವೂ ಹೋಯಿತು.

"ನಮ್ಮ ಬಾಸ್ತಿಯಾಂ ಇದಾನಲ್ಲ!" ಎಂದ ರೊಲಾಂ. "ಹನಿ ಮುಟ್ಟಿಲ್ಲ, ಬಂಗಾರದಂಥ ಹುಡುಗ!"

ಎರಡು ಗಂಟೆಯಿಂದ ಗಂಡಸೇ ಅಲ್ಲ ಎನಿಸಿಕೊಂಡಿದ್ದವನು ಒಂದು ಕೂಗಿಗೆ ಬಂಗಾರವಾಗಿದ್ದ. ಅವನ ಮೈ ಉರಿಯಿತು. ಮಾವ ತುಂಬಿಸಿಟ್ಟ ಗ್ಲಾಸನ್ನು ಎತ್ತಿ ತುಟಿಯವರೆಗೆ ತಂದ.

"ಬೇಡ ಕಣೋ!" ಮೂವರೂ ಒಟ್ಟಿಗೆ ಕಿರುಚಿದರು.

"ಯಾಕೆ? ಹಣ್ಣು ತಾನೇ?"

ಬೆದರಿಸಲೆಂದೇ ಎತ್ತಿದ್ದ. ಈಗ ಆ ವಾಸನೆ ಗಂಟಲಿನ ಒಳಗಿಂದಲೇ ಕೈ ಚಾಚಿ ಎಳೆಯತೊಡಗಿತು.

"ಅಪ್ಪಾ," ಎಂದ, ದನಿ ಒಡೆದು. "ನಾನ್ಯಾಕೆ ಕುಡಿಯಲ್ಲ ಅಂತ ನೀನು ಹೇಳು. ಎಲ್ಲರಿಗೂ ಕೇಳಿಸಬೇಕು. ಬೇಗ ಹೇಳು."

ಫಿರ್ಮಾಂ ಸುತ್ತ ನೋಡಿದ. ಪಕ್ಕದ ಮೇಜಿನವರು ಚಮಚ ಇಟ್ಟು ಕಾಯುತ್ತಿದ್ದರು. "ನನ್ನ ಮಗನಿಗೆ..." ಎಂದು ಉಗುಳು ನುಂಗಿದ. "ಶುರು ಮಾಡಿದ್ರೆ ನಿಲ್ಸೋಕಾಗಲ್ಲ. ಅದು ಕಾಯಿಲೆ. ಅದಕ್ಕೇ ಬಿಟ್ಟಿದಾನೆ. ಯಾರೂ ಕೊಡಬೇಡಿ."

ಬಾಸ್ತಿಯಾಂ ಗ್ಲಾಸು ಕೆಳಗಿಟ್ಟು ವ್ಯಾನಿನ ಕೀಲಿಗೆ ಕೈ ಚಾಚಿದ. ಲೈಸೆನ್ಸಿನ ಆಸೆಗೆ ಹೇಳಿದ ಮಾತೆಂದು ಅವನಿಗೆ ಗೊತ್ತಿತ್ತು. ಆದರೂ ಆ ಮಾತನ್ನು ಇಟ್ಟುಕೊಂಡ. ಈ ಮನೆಯಲ್ಲಿ ಇನ್ಯಾವ ಆಸೆಗೆ ಮಾತು ಹುಟ್ಟುತ್ತದೆ?

ವೃತ್ತದಲ್ಲಿ ಪೊಲೀಸಮ್ಮ ಊದುವ ನಳಿಕೆ ಕೊಟ್ಟಳು. ಊದಿದ. ಸೊನ್ನೆ. ಅವಳು ವ್ಯಾನಿನೊಳಗಿನ ಕೆಂಪು ಮೂಗುಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಒಳ್ಳೇ ಮಗನ್ನ ಬೆಳೆಸಿದೀರಿ, ಯಜಮಾನ್ರೇ."

"ನೋಡಿ ಮೇಡಂ," ಎಂದ ಫಿರ್ಮಾಂ, ಎದೆಯುಬ್ಬಿಸಿ. "ನಮ್ಮ ಮನೇಲಿ ಯಾರಿಗೂ ಯಾವತ್ತೂ ಬಲವಂತ ಮಾಡಿದೋರಲ್ಲ ನಾವು."