ಕದಲದ ತಪ್ಪು

ಪರದೆಯ ಮೇಲೆ ಏಳನೇ ಹಾಸಿಗೆಗೆ ಇಬ್ಬರು ರೋಗಿಗಳ ಹೆಸರು ಬಂದಿತ್ತು. ಕೋಣೆಯಲ್ಲಿದ್ದವರೆಲ್ಲ ಮೊದಲು ಅದನ್ನು ನೋಡಿದರು, ಆಮೇಲೆ ಸೊಸೆಯ ಮುಖ ನೋಡಿದರು.

ಸೊಸೆ ಎಂದರೆ ಯಾರ ಮನೆಯ ಸೊಸೆಯೂ ಅಲ್ಲ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಕಚೇರಿಯ ಹಿರಿಯ ಎಂಜಿನಿಯರ್ ಬಾಯಿಗೆ ಹೆದರಿ, ಹುಡುಗರು ಅವರಿಗೆ ಅತ್ತೆ ಎಂದು ಹೆಸರಿಟ್ಟಿದ್ದರು. ಅವರ ಕೈಕೆಳಗೆ ಸೇರಿದ ತಪ್ಪಿಗೆ ಇವಳು ಸೊಸೆಯಾದಳು. ಹಾಸಿಗೆ ಹಂಚುವ ಹಳೆಯ ಪ್ರೋಗ್ರಾಂ ಅತ್ತೆ ಬರೆದದ್ದು. ಅದು ಆಗೊಮ್ಮೆ ಈಗೊಮ್ಮೆ ಒಂದೇ ಹಾಸಿಗೆಯನ್ನು ಇಬ್ಬರಿಗೆ ಕೊಟ್ಟುಬಿಡುತ್ತಿತ್ತು. ಯಾಕೆಂದು ಹುಡುಕಲು ಕೂತರೆ ಏನೂ ಅರಿಯದಂತೆ ಸರಿಯಾಗಿ ನಡೆಯುತ್ತಿತ್ತು. ಸೊಸೆ ಹಟ ಹಿಡಿದು ಅದನ್ನು ಫಂಕ್ಷನಲ್ ಎಂಬ ಬಗೆಯ ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಹೊಸದಾಗಿ ಬರೆದಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹುಡುಗರು ಬೆಳಿಗ್ಗೆಯಿಂದಲೇ ಪಿಸುಗುಟ್ಟುತ್ತಿದ್ದರು. ಇವತ್ತಿನ ಪರೀಕ್ಷೆ ನೋಡಿ ಅತ್ತೆ ಒಪ್ಪಿದರೆ ಹೊಸದು ಆಸ್ಪತ್ರೆಗೆ ಹೋಗುತ್ತದೆ. ಇಲ್ಲದಿದ್ದರೆ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಹೊಸ ಭಾಷೆ, ಹಳೇ ತಪ್ಪು" ಎಂದರು ಅತ್ತೆ. "ಇದಕ್ಕಾ ಅಷ್ಟೊಂದು ಹಾರಾಡಿದ್ದು?"

ಸೊಸೆಯ ಕಿವಿ ಬಿಸಿಯಾಯಿತು, ನಿಜ. ಆದರೆ ಅದೇ ಮಾಹಿತಿ ಕೊಟ್ಟು ಮತ್ತೆ ಓಡಿಸಿದಳು. ಏಳನೇ ಹಾಸಿಗೆ, ಅದೇ ಇಬ್ಬರು. ಇನ್ನೊಮ್ಮೆ ಓಡಿಸಿದಳು. ಅವರೇ. ಅವಳಿಗೆ ನಗು ಬಂದುಬಿಟ್ಟಿತು.

"ನಗೋಂಥದ್ದೇನಿದೆ ಇದ್ರಲ್ಲಿ?"

"ತಪ್ಪು ಜಾಗ ಬಿಟ್ಟು ಕದಲ್ತಾ ಇಲ್ಲ ಮೇಡಂ. ಹಳೇದ್ರಲ್ಲಿ ಹಾಸಿಗೆಗಳ ಪಟ್ಟಿ ಒಂದು, ತಿದ್ದೋ ಕೈ ಹತ್ತು. ಯಾರು ಯಾವಾಗ ತಿದ್ದಿದ್ರೋ ಆ ದೇವರಿಗೇ ಗೊತ್ತು. ಇಲ್ಲಿ ಒಂದ್ಸಲ ಬರೆದಿದ್ದನ್ನ ಯಾರೂ ಮುಟ್ಟೋ ಹಾಗಿಲ್ಲ. ಬದಲಾವಣೆ ಬೇಕಾ, ಹೊಸ ಪಟ್ಟಿ ಹುಟ್ಟುತ್ತೆ. ಅದೇ ಮಾಹಿತಿ ಕೊಟ್ರೆ ಅದೇ ಉತ್ತರ ಬರುತ್ತೆ. ತಪ್ಪು ನಂದೇ. ಎಲ್ಲಿದೆ ಅಂತ ಈಗ್ಲೇ ತೋರಿಸ್ತೀನಿ."

ತೋರಿಸಿಯೂ ಬಿಟ್ಟಳು. ಆಪರೇಷನ್‌ಗೆ ಹೋದವರ ಹಾಸಿಗೆಯನ್ನು ಅವಳ ಪ್ರೋಗ್ರಾಂ ಖಾಲಿ ಎಂದು ಎಣಿಸಿತ್ತು. ಅವರು ಮರಳಿ ಬರುತ್ತಾರೆಂಬುದನ್ನು ಅವಳು ಮರೆತಿದ್ದಳು. ಹುಡುಕಲು ಒಂದು ಲೋಟ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ತಿದ್ದಲು ಹೊರಟವಳನ್ನು ಅತ್ತೆ ತಡೆದರು.

"ಇರು. ಈಗಲೇ ತಿದ್ದಬೇಡ."

ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಪರದೆಯ ಮೇಲಿನ ಏಳನೇ ಹಾಸಿಗೆಯನ್ನೇ ನೋಡುತ್ತಾ ಹೇಳಿದರು.

"ಎಷ್ಟೋ ವರ್ಷದ ಹಿಂದೆ ಒಂದಿನ ಮಗಳಿಗೆ ಜ್ವರ ಏರಿತ್ತು. ನಾನು ಇಲ್ಲಿ ನನ್ನ ಪ್ರೋಗ್ರಾಂನಲ್ಲಿ ಇದೇ ತಪ್ಪು ಹುಡುಕ್ತಾ ಕೂತಿದ್ದೆ. ಇನ್ನೇನು ಸಿಕ್ತು ಅನ್ನೋಷ್ಟರಲ್ಲಿ ಮಾಯ ಆಗೋದು. ಮನೆಗೆ ಹೋದಾಗ ಮಗು ನನ್ನ ಹತ್ರ ಬರ್ಲೇ ಇಲ್ಲ, ಅಜ್ಜಿ ಕುತ್ತಿಗೆ ತಬ್ಕೊಂಡು ಮುಖ ತಿರುಗಿಸ್ಕೊಂಡ್ಲು."

ಅತ್ತೆಯ ಮೇಲೆ ಮೊದಲ ಬಾರಿಗೆ ಸೊಸೆಗೆ ಅಕ್ಕರೆ ಹುಟ್ಟಿತು.

"ಸಂಜೆಯೊಳಗೆ ತಿದ್ದಿ ಆಸ್ಪತ್ರೆಗೆ ಕಳಿಸು" ಎಂದರು ಅತ್ತೆ. "ನಂದನ್ನ ತೆಗೆದುಹಾಕು."

ಹಾಗೆಂದವರು ಏಳಲಿಲ್ಲ. ಕೀಬೋರ್ಡನ್ನು ತಮ್ಮ ಕಡೆ ಸರಿಸಿಕೊಂಡು, ಅದೇ ಮಾಹಿತಿಯನ್ನು ಮತ್ತೆ ಓಡಿಸುವ ಕೀ ಒತ್ತಿದರು. ತಪ್ಪು ಇದ್ದಲ್ಲೇ ಇತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಇನ್ನೊಂದು ಸಲ ಒತ್ತಿದರು.