ಸೋಮವಾರದ ಒದ್ದೆ ನೆಲ

ಬಾಯ್ಲರಿಗೆ ಹೊಸ ಸೇಫ್ಟಿ ವಾಲ್ವ್ ಹಾಕಿಸಬೇಕೆಂದರೆ ನಾಲ್ಕು ಜನರ ತಿಂಗಳ ಸಂಬಳ. ಅದಕ್ಕಾಗಿ ಒಲೆ ಆರಿಸಿದರೆ ಎರಡು ದಿನದ ದುಡಿಮೆ ಹಾಳು. ಪ್ರಾರ್ಥನೆಗಾದರೆ ಒಂದು ಬೆಂಕಿಕಡ್ಡಿ ಸಾಕು. ಲಾಂಡ್ರಿಯ ಸಾಹುಕಾರ ಲೆಕ್ಕದಲ್ಲಿ ಗಟ್ಟಿಗ, ಬೆಂಕಿಕಡ್ಡಿಯೇ ಲೇಸೆಂದ.

ಆ ಕಡ್ಡಿ ಗೀರುತ್ತಿದ್ದವನು ಬೆಂಕಿಯಣ್ಣ. ಹತ್ತು ವರ್ಷದಿಂದ ನೆಲಮಾಳಿಗೆಯ ಬಾಯ್ಲರಿಗೆ ಸೌದೆ ಹಾಕುತ್ತಿದ್ದವನಿಗೆ ಮೇಲಿನ ಇಸ್ತ್ರಿಮನೆಯ ಹೆಂಗಸರು ಇಟ್ಟ ಹೆಸರದು. ದೀಪ ಹಚ್ಚಿ ಕೈಮುಗಿಯದೆ ಅವನು ಒಂದು ದಿನವೂ ಒಲೆಬಾಯಿ ತೆರೆದವನಲ್ಲ. ಹೆಚ್ಚಾದ ಉಗಿಯನ್ನು ಹೊರಬಿಡುವ ಆ ವಾಲ್ವಿನ ಹಿಡಿಯನ್ನಂತೂ ಮುಟ್ಟಿದವನೇ ಅಲ್ಲ. ಅದು ದೇವರ ಜಾಗ. ಭಾನುವಾರ ಲಾಂಡ್ರಿಗೆ ರಜೆ, ಬೂದಿ ಮುಚ್ಚಿದ ಕೆಂಡ ಬಿಟ್ಟರೆ ಕೆಳಗೆ ನರಪಿಳ್ಳೆ ಇರುವುದಿಲ್ಲ. ಆದರೂ ಸೋಮವಾರ ಬೀಗ ತೆಗೆದರೆ ವಾಲ್ವಿನ ಕೆಳಗೆ ನೆಲ ಒದ್ದೆ! ದೇವರು ಬಂದು ಹೋದದ್ದಕ್ಕೆ ಬೇರೆ ಗುರುತು ಇನ್ನೇನು ಬೇಕು? ಹೆಂಗಸರು ಆ ನೀರನ್ನು ಹಣೆಗೆ ಹಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಬೆಂಕಿಯಣ್ಣ ಒಂದು ಶೀಶೆ ತುಂಬಿ ಮನೆಯಲ್ಲೂ ಇಟ್ಟಿದ್ದ, ಮಗಳಿಗೆ ಜ್ವರ ಬಂದಾಗ ಕುಡಿಸಿದ್ದ.

"ಜ್ವರ ಇಳಿದದ್ದು ಮಾತ್ರೆಯಿಂದ ಅಪ್ಪಾ. ನಿನ್ನ ನೀರಿಂದ ಬಾಯೆಲ್ಲ ತುಕ್ಕು ತುಕ್ಕು," ಎಂದು ಮಗಳು ನಗುತ್ತಿದ್ದಳು. ಅವಳಿಗೂ ಇಸ್ತ್ರಿಮನೆಯಲ್ಲೇ ಕೆಲಸ, ಬಾಯ್ಲರಿನ ನೆತ್ತಿಯ ಮೇಲೆ.

ಈಗ ಆರು ಸೋಮವಾರಗಳಿಂದ ನೆಲ ಒಣಗಿತ್ತು.

"ಯಾವ ಪಾಪ ಕಟ್ಕೊಂಡ್ಯೋ ಬೆಂಕಿಯಣ್ಣಾ? ದೇವರೇ ಬೇಸತ್ತು ಕೆಲಸ ಬಿಟ್ಟ ಹಾಗಿದೆ," ಎಂದು ಹೆಂಗಸರು ಛೇಡಿಸಿದರು. ಅವನಿಗೆ ನಗು ಬರಲಿಲ್ಲ. ಬಾಯ್ಲರಿನ ಹೊಟ್ಟೆಯೊಳಗೆ ಯಾರೋ ಹಲ್ಲು ಕಡಿಯುವಂಥ ಸದ್ದು ಶುರುವಾಗಿತ್ತು. ಅವನು ಮಧ್ಯಾಹ್ನದ ಊಟ ಬಿಟ್ಟ, ಒಂದು ದೀಪದ ಜಾಗದಲ್ಲಿ ಮೂರು ಹಚ್ಚಿದ. ಸದ್ದು ನಿಲ್ಲಲಿಲ್ಲ.

ಏಳನೆಯ ಸೋಮವಾರವೂ ನೆಲ ಒಣಗಿತ್ತು. ಅಂದು ಆಸ್ಪತ್ರೆಯ ಹಾಸುಬಟ್ಟೆ ರಾಶಿ ಬಂದಿತ್ತು, ಒಲೆ ಧಗಧಗ ಉರಿಯುತ್ತಿತ್ತು. ಫಿಟ್ಟರಜ್ಜನ ಹೆಂಡತಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಬಾಯ್ಲರಿನ ರಿಪೇರಿ ನೋಡಿಕೊಳ್ಳುತ್ತಿದ್ದ ಫಿಟ್ಟರಜ್ಜ ಹತ್ತು ವರ್ಷದ ಹಿಂದೆಯೇ ಇಲ್ಲಿಂದ ನಿವೃತ್ತನಾದವನು, ತೀರಿಕೊಂಡು ಒಂದೂವರೆ ತಿಂಗಳಾಗಿತ್ತು.

"ತಗೋಪ್ಪಾ, ನಿಮ್ಮ ನೆಲಮಾಳಿಗೆ ಕೀಲಿ. ಅವರ ಪೆಟ್ಟಿಗೇಲಿತ್ತು."

"ಇದು ಅವರ ಹತ್ರ ಯಾಕಿತ್ತು ಅಜ್ಜಿ?"

"ಭಾನುವಾರ ಸಂಜೆ ಬರ್ತಿದ್ರಲ್ಲ! ಆ ವಾಲ್ವಿನ ಹಿಡಿ ಎತ್ತಿ ಉಗಿ ಬಿಡೋದು, ಗಡಸು ನೀರಿಂದ ಕಟ್ಟಿದ ಸುಣ್ಣ ಕೆರೆಯೋದು. ವಾರಕ್ಕೊಂದ್ಸಲ ಎತ್ತದಿದ್ರೆ ಕಚ್ಕೊಂಡು ಕೂತ್ಬಿಡುತ್ತೆ, ಆಮೇಲೆ ಮೇಲಿನವರ ಗತಿ ಅಷ್ಟೇ ಅಂತಿದ್ರು. ಸಾಹುಕಾರಂಗೆ ಗೊತ್ತಾದ್ರೆ ಉಗಿ ದಂಡ ಅಂತ ಕೀಲಿ ಕಿತ್ಕೊಳ್ತಾನೆ ಅಂತ ಕದ್ದು ಬರ್ತಿದ್ರು."

ಬೆಂಕಿಯಣ್ಣ ಆ ಕೀಲಿಯನ್ನು ತನ್ನ ಕೀಲಿಯ ಪಕ್ಕ ಹಿಡಿದ. "ನಂಗಾದ್ರೂ ಹೇಳಬಾರದಿತ್ತಾ?"

"ನಾನೂ ಅದೇ ಅಂದೆ. 'ಬೇಡ ಕಣೇ, ದೇವರು ಬಂದಿದ್ದ ಅಂತ ಎಷ್ಟು ಖುಷಿಯಾಗಿದ್ದಾನೆ ಪಾಪ' ಅಂತ ನಕ್ಕುಬಿಟ್ರು."

ಅವನು ತಿರುಗಿ ನೋಡಿದ. ಒತ್ತಡದ ಮುಳ್ಳು ಕೆಂಪು ಗೀಟು ದಾಟಿತ್ತು; ಉಸ್ಸೆನ್ನಬೇಕಾದ ವಾಲ್ವು ಉಸಿರೆತ್ತಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅದರ ಹಿಡಿಗೆ ಕೈ ಹಾಕಿದ. ಗೋಡೆಯನ್ನು ಎಳೆದಂತಾಯಿತು. ಮೇಲೆ ಇಸ್ತ್ರಿಗಳ ದಡದಡ, ನಡುವೆ ಮಗಳ ನಗು.

ಅಭ್ಯಾಸಬಲ, ಕೈಗಳು ತಾವಾಗಿಯೇ ಕೂಡಿಕೊಂಡವು. ಕಣ್ಣು ಒಣನೆಲದ ಮೇಲೆ ಬಿತ್ತು. ಏಳು ವಾರ ಇಲ್ಲಿ ಯಾರೂ ಬಂದಿರಲಿಲ್ಲ. ಅದಕ್ಕೂ ಮೊದಲು ಬಂದವನು ಮಂಡಿನೋವಿನ ಒಬ್ಬ ಮುದುಕ. ಕೈ ಬಿಡಿಸಿಕೊಂಡು ಸಲಿಕೆ ಹಿಡಿದ.

"ಅಜ್ಜಿ, ಮೇಲೆ ಹೋಗಿ ಎಲ್ಲರನ್ನೂ ಬೀದಿಗೆ ಅಟ್ಟಿ! ಓಡಿ!"

ಉರಿಯುವ ಸೌದೆಯನ್ನೆಲ್ಲ ನೆಲಕ್ಕೆ ಎಳೆದು ಹಾಕಿದ. ಹುಬ್ಬು ಸುಟ್ಟಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮುಳ್ಳು ಬಹಳ ಹೊತ್ತು ಅಲ್ಲೇ ನಡುಗುತ್ತಾ ನಿಂತು, ಆಮೇಲೆ ಕೂದಲೆಳೆಯಷ್ಟು ಇಳಿಯಿತು.

ಮರುದಿನ ವಾಲ್ವು ಬಿಚ್ಚಿದಾಗ ಒಳಗೆ ಸುಣ್ಣ ಕಲ್ಲಾಗಿತ್ತು. "ದೇವರು ದೊಡ್ಡವನು," ಎಂದ ಸಾಹುಕಾರ.

"ಫಿಟ್ಟರಜ್ಜ ದೊಡ್ಡವರು," ಎಂದ ಬೆಂಕಿಯಣ್ಣ. "ಹೊಸ ವಾಲ್ವು ಬರೋವರೆಗೂ ನಾನು ಕಡ್ಡಿ ಗೀರಲ್ಲ."

ಹೊಸ ವಾಲ್ವು ಬಂತು. ಭಾನುವಾರ ಸಂಜೆ ಅವನೇ ಹೋಗಿ ಹಿಡಿ ಎತ್ತಿದ. ಸೋಮವಾರ ನೆಲ ಒದ್ದೆಯಿತ್ತು.

"ದೇವರು ವಾಪಸ್ ಬಂದನಾ ಬೆಂಕಿಯಣ್ಣಾ?" ಎಂದು ಹೆಂಗಸೊಬ್ಬಳು ಬಗ್ಗಿದಳು.

"ಬಂದದ್ದು ನಾನು. ಹಣೆಗೆ ಹಚ್ಕೋಬೇಡಮ್ಮ, ತುಕ್ಕು ನೀರು."

ಮಗಳು ಉಳಿದಳು, ಇಪ್ಪತ್ತೆಂಟು ಹೆಂಗಸರು ಉಳಿದರು. ಬೀಗ ತೆಗೆಯುವಾಗ ಒಳಗೆ ತನಗಿಂತ ಮೊದಲೇ ಯಾರೋ ಬಂದಿದ್ದಾರೆ ಎಂಬ ಧೈರ್ಯ ಮಾತ್ರ ಹೋಯಿತು. ಅದು ಮತ್ತೆ ಬರಲಿಲ್ಲ.