ಹನ್ನೊಂದಕ್ಕೆ ಹನ್ನೊಂದು

ಡೆಮ್ಯಾನ್ ಕೊವ್ತುನ್ ಇಪ್ಪತ್ತೆಂಟು ವರ್ಷ ಪೊಲ್ತಾವಾದಲ್ಲಿ ಟ್ರಾಲಿಬಸ್ ಓಡಿಸಿದವನು. ಈಗ ಯುದ್ಧ ಬಂದು, ಐವತ್ತಾರನೇ ವಯಸ್ಸಿನಲ್ಲಿ, ಪಿಕಪ್ ಗಾಡಿಯ ಹಿಂಭಾಗದಲ್ಲಿ ಬಿಗಿದಿದ್ದ ತನಗಿಂತಲೂ ಹಳೆಯ ಮಷಿನ್ ಗನ್ನಿನ ಹಿಂದೆ ನಿಂತು ಆಕಾಶ ನೋಡುವುದು ಅವನ ಕೆಲಸ. ನೋಡಿ ನೋಡಿ ಕತ್ತು ಹಿಡಿದುಕೊಂಡಿತ್ತು. ಮನೆಗೆ ಹೋದರೂ ತಲೆ ತಾನಾಗಿ ಮೇಲಕ್ಕೇ ಹೋಗುತ್ತಿತ್ತು.

ದೇಶದ ಆಕಾಶಕ್ಕೆ ಕಾವಲು ಒಂದರ ಕೆಳಗೊಂದು. ಎಲ್ಲಕ್ಕಿಂತ ಮೇಲೆ ಹೊರದೇಶದವರು ಕೊಟ್ಟ ದೊಡ್ಡ ಕ್ಷಿಪಣಿಗಳು. ಅವು ರಾಜಧಾನಿ ಕೀವ್‌ನಂಥ ಊರುಗಳನ್ನು ಬಿಟ್ಟು ಕದಲುವುದಿಲ್ಲ. ಅದರ ಕೆಳಗೆ ಮಧ್ಯಮದವು, ಅವು ಸದಾ ಬೆರಳೆಣಿಕೆಯಷ್ಟೇ. ಅದಕ್ಕೂ ಕೆಳಗೆ ಹೆಲಿಕಾಪ್ಟರು, ಡ್ರೋನನ್ನು ಡ್ರೋನಿನಿಂದಲೇ ಗುದ್ದುವವರು. ಇಷ್ಟನ್ನೂ ದಾಟಿ ಬಂದದ್ದು ಡೆಮ್ಯಾನನಂಥವರ ಪಾಲಿಗೆ.

"ಜರಡಿ ಮೇಲೆ ಜರಡಿ ಇಟ್ಟಿದಾರೆ ಮಾಮ. ಕಟ್ಟಕಡೇ ಜರಡಿ ನಾವು. ನಮ್ಮದು ಬರೀ ತೂತು," ಎನ್ನುತ್ತಿದ್ದಳು ಬೊಹ್ದಾನಾ. ಅವಳು ಆ ಗಾಡಿಯ ನಾಯಕಿ. ಮೂವತ್ತೊಂದು ವರ್ಷ. ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದವಳು, ಈಗ ಮೊಣಕಾಲ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಅದರಲ್ಲಿ ಹರಿದಾಡುವ ಕೆಂಪು ಚುಕ್ಕೆಗಳನ್ನು, ಅಂದರೆ ಶತ್ರುವಿನ ಡ್ರೋನುಗಳನ್ನು, ಕಾಯುತ್ತಿದ್ದಳು.

ಅಕ್ಟೋಬರಿನ ಆ ಮಧ್ಯಾಹ್ನ ಹನ್ನೊಂದು ಚುಕ್ಕೆಗಳಿದ್ದವು. ಇಬ್ಬರೂ ಕಾವಲಿಗೆ ನಿಂತು ಇಪ್ಪತ್ತು ಗಂಟೆಯಾಗಿತ್ತು. ಒಂದೊಂದಾಗಿ ಹತ್ತು ಚುಕ್ಕೆ ಎಲ್ಲೆಲ್ಲೋ ಆರಿಹೋದವು. ಹನ್ನೊಂದನೆಯದು ಪ್ಸೆಲ್ ಹೊಳೆಯ ಗುಂಟ ಬಾಗುತ್ತಾ ಇವರ ಕಡೆಗೇ ಬಂತು.

"ಮೇಲಿನವರು ಏನಂತಾರೆ?" ಎಂದ ಡೆಮ್ಯಾನ್.

"ಒಂದೇ ಒಂದು ಕ್ಷಿಪಣಿ ಉಳಿದಿದೆಯಂತೆ. ದೊಡ್ಡದೇನಾದ್ರೂ ಬಂದ್ರೆ ಅಂತ ಇಟ್ಕೊಂಡಿದಾರಂತೆ. ಇದು ನಮ್ಮದೇ ಮಾಮ."

ಅವರ ಬೆನ್ನ ಹಿಂದೆ ಆರು ಕಿಲೋಮೀಟರಿನಾಚೆ ವಿದ್ಯುತ್ ಕೇಂದ್ರ. ಮುಂದೆ ವೆರ್ಬಿವ್ಕಾ ಎಂಬ ಸಣ್ಣ ಹಳ್ಳಿ. ಹಳ್ಳಿಗೂ ಇವರಿಗೂ ನಡುವೆ ಕೊಯ್ಲು ಕಾಣದೆ ಕಪ್ಪಾಗಿ ನಿಂತ ಸೂರ್ಯಕಾಂತಿ ಹೊಲ. ಮನೆಗಳ ಮೇಲಿದ್ದಾಗ ಹೊಡೆಯಬಾರದು, ಹೊಲದ ಮೇಲೆ ಬಂದಾಗ ಹೊಡೆಯಬೇಕು. ನಿಯಮ ಅಷ್ಟೇ.

ಮೊಪೆಡ್ಡಿನ ಸದ್ದು ಕೇಳಿಸಿತು. ಆ ಡ್ರೋನನ್ನು ಎಲ್ಲರೂ ಕರೆಯುವುದೇ ಮೊಪೆಡ್ ಎಂದು. ಡೆಮ್ಯಾನ್ ಕಾದ. ಅದು ಕೊನೆಯ ಮನೆಯ ಮಾಡನ್ನು ದಾಟಿತು. ಹೊಲದ ಮೇಲೆ ಬಂತು. ಹೊಡೆದ. ಬಾಲದ ಹತ್ತಿರ ಚೂರುಗಳು ಹಾರಿದ್ದು ಕಣ್ಣಿಗೆ ಕಂಡಿತು.

"ತಗುಲ್ತು!" ಎಂದು ಬೊಹ್ದಾನಾ ಕೂಗಿದಳು.

ಅದು ನೇರ ಹೊಲಕ್ಕೆ ಬೀಳಬೇಕಿತ್ತು, ಬೀಳಲಿಲ್ಲ. ಒಂದು ರೆಕ್ಕೆಯ ಮೇಲೆ ವಾಲಿ, ಏನನ್ನೋ ಮರೆತು ಬಂದವರ ಹಾಗೆ ನಿಧಾನವಾಗಿ ಹಿಂದಕ್ಕೆ ತಿರುಗಿತು. ಡೆಮ್ಯಾನ್ ಮತ್ತೆ ಹೊಡೆಯಲು ಹೋದರೆ ಗುರಿಯ ಹಿಂದೆ ಬರೀ ಮನೆಗಳು. ಅವನ ಬೆರಳು ನಿಂತಿತು. ಡ್ರೋನು ತಗ್ಗುತ್ತಾ ಹೋಗಿ ಹಳ್ಳಿಯ ಈ ಅಂಚಿನಲ್ಲಿ ಇಳಿಯಿತು. ಮೊದಲು ಹೊಗೆ ಕಂಡಿತು, ಆಮೇಲೆ ಸದ್ದು ಬಂತು.

ಅಪಾಯ ಮುಗಿಯಿತೆನ್ನುವ ತನಕ ಜಾಗ ಬಿಡುವಂತಿರಲಿಲ್ಲ. ಒಂದೂವರೆ ಗಂಟೆ ಅವರು ಆ ಹೊಗೆಯನ್ನೇ ನೋಡುತ್ತಾ ನಿಂತರು. ಸತ್ತವರಿಲ್ಲ, ಒಂದು ಮನೆಯ ಮಾಡು ಹೋಗಿದೆ, ಒಂದು ಹಸು ಸತ್ತಿದೆ ಎಂದು ಸುದ್ದಿ ಬಂತು. ಸಂಜೆ ಮೇಲಿನಿಂದ ಸಂದೇಶವೂ ಬಂತು: ಹನ್ನೊಂದಕ್ಕೆ ಹನ್ನೊಂದೂ ಉರುಳಿವೆ, ಕೊನೆಯದನ್ನು ಉರುಳಿಸಿದವರಿಗೆ ಅಭಿನಂದನೆ.

ಬೊಹ್ದಾನಾ ಅದನ್ನು ಓದಿ ಹೇಳಿ ಟ್ಯಾಬ್ಲೆಟ್ ಮಗುಚಿಟ್ಟಳು. "ನೀನು ನಿಯಮ ತಪ್ಪಲಿಲ್ಲ ಮಾಮ."

"ಇಲ್ಲ," ಎಂದ ಡೆಮ್ಯಾನ್. "ತಪ್ಪಿದ್ದಿದ್ರೆ ಇಷ್ಟು ಸುಸ್ತಾಗ್ತಿರಲಿಲ್ಲ ಅನ್ಸತ್ತೆ."

ರಜೆ ಸಿಕ್ಕ ಮೊದಲ ಭಾನುವಾರ ಅವನು ಸುತ್ತಿಗೆ, ಮೊಳೆ, ಒಂದು ಟಾರ್ಪಾಲಿನ್ ಹಿಡಿದು ವೆರ್ಬಿವ್ಕಾಕ್ಕೆ ಹೋದ. ಮನೆ ಹುಡುಕಬೇಕಾಗಲಿಲ್ಲ. ಅಂಗಳದಲ್ಲಿ ಸತ್ತ ಗಂಡನ ರೈಲ್ವೆ ಕೋಟು ತೊಟ್ಟ ಒಬ್ಬ ಮುದುಕಿ ಒಡೆದ ಹಂಚು ಗುಡ್ಡೆ ಹಾಕುತ್ತಿದ್ದಳು. ಹೆಸರು ಮೊತ್ರಿಯಾ, ಎಪ್ಪತ್ತೆಂಟು ವರ್ಷ. ಆಲೂಗಡ್ಡೆ ತರಲು ನೆಲಮಾಳಿಗೆಗೆ ಇಳಿದಿದ್ದರಿಂದ ಬದುಕಿದವಳು.

"ಊರ ಕಚೇರಿಯಿಂದ ಬಂದ್ಯಾ?"

"ಹ್ಞೂಂ," ಎಂದುಬಿಟ್ಟ ಡೆಮ್ಯಾನ್.

"ಎರಡು ವಾರದಿಂದ ಕೇಳ್ತಿದ್ದೆ. ಕಳ್ಸಿದ್ದು ನಿನ್ನೊಬ್ಬನ್ನ. ಏಣಿ ಹತ್ತೋಕೆ ಬರತ್ತಾ, ಅಥ್ವಾ ನಾನೇ ಹತ್ಬೇಕಾ?"

ಅವನು ಹತ್ತಿದ. ಸುಟ್ಟ ತೊಲೆಗಳನ್ನು ಬಿಚ್ಚಿ ಕೆಳಗೆ ಹಾಕಿದ. ಇಡೀ ದಿನ ಅವಳು ಕೆಳಗೆ ನಿಂತು ತಪ್ಪು ಹುಡುಕಿದಳು. ಮೊಳೆ ಸೊಟ್ಟ, ಮರ ಹಸಿ, ನಿನ್ನ ಬೆನ್ನು ನನ್ನ ಬೆನ್ನಿಗಿಂತ ಮುದಿ. ಮಧ್ಯಾಹ್ನ ಮಾತ್ರ ಬಕ್‌ವೀಟ್ ಎಂಬ ಧಾನ್ಯದ ಗಂಜಿಯ ಜೊತೆ ಉಪ್ಪುಸೌತೆ ಬಡಿಸಿ, ತಟ್ಟೆ ಖಾಲಿಯಾಗುವ ತನಕ ಎದುರಿಗೇ ಕೂತಳು.

ಎರಡನೆಯ ಭಾನುವಾರ ಹೊಸ ತೊಲೆ ಕೂರಿಸಿ ಕೆಳಗಿಳಿದವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಾನು ಕಚೇರಿಯವನಲ್ಲ. ಆವತ್ತು ಅದನ್ನ ಹೊಡ್ದಿದ್ದು ನಾನು."

ಮೊತ್ರಿಯಾ ಬಾವಿಯಿಂದ ತಂದ ಬಕೀಟು ಕೆಳಗಿಟ್ಟಳು. "ಗೊತ್ತು."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಕಚೇರಿಯವರು ಬಂದ್ರೆ ಇಬ್ಬಿಬ್ಬರು ಬರ್ತಾರೆ, ಫೋಟೋ ಹೊಡ್ಕೋತಾರೆ, ಹೋಗ್ತಾರೆ. ನೀನೊಬ್ಬನೇ ಬಂದೆ. ಫೋಟೋನೂ ಹೊಡೀಲಿಲ್ಲ. ಎರಡು ಏಟಿಗೊಂದ್ಸಲ ತಲೆ ಎತ್ತಿ ಮೇಲೆ ನೋಡ್ತೀಯ. ಮಾಡು ಕಟ್ಟೋನು ಮೇಲೆ ಯಾಕಯ್ಯಾ ನೋಡ್ತಾನೆ?"

ಡೆಮ್ಯಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಹಿಂದಿದ್ದ ವಿದ್ಯುತ್ ಕೇಂದ್ರ, ಹೊಲ ಬರುವ ತನಕ ತಾನು ಕಾದದ್ದು, ಅದು ತಿರುಗಿದ್ದು, ಎಲ್ಲ ಹೇಳಲು ಹೊರಟ.

"ಸಾಕು," ಎಂದಳು. "ನನ್ನ ಹಸು ಜಿರ್ಕಾನ ಹದಿಮೂರು ವರ್ಷ ಸಾಕಿದೀನಿ. ನನ್ನ ಹೆಜ್ಜೆ ಸದ್ದಿಗೇ ಕೂಗ್ತಿದ್ಲು. ಈಗ ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗ್ತೀನಿ, ಹೋಗಿ ನೆನಪಾಗತ್ತೆ. ನೀನು ಮಾತ್ರ ಕ್ಷಮಿಸು ಅಂತ ಕೇಳ್ಬೇಡ. ಕೇಳಿದ್ರೆ ನಾನು ಏನಾದ್ರೂ ಒಂದು ಹೇಳ್ಬೇಕಾಗತ್ತೆ. ನನ್ನ ಹತ್ರ ಹೇಳೋಕೆ ಏನೂ ಇಲ್ಲ. ಮುಂದಿನ ವಾರ ಶೀಟು ತರ್ತೀಯಾ?"

"ತರ್ತೀನಿ."

ಮೂರನೆಯ ಭಾನುವಾರ ತಂದ. ಅರ್ಧ ಮಾಡು ಮುಚ್ಚಿದ ಹೊತ್ತಿಗೆ ಜೇಬಿನಲ್ಲಿದ್ದ ಫೋನು ಸೈರನ್ನಿನಂತೆ ಕೂಗಿತು. ಸ್ವಲ್ಪ ಹೊತ್ತಿಗೆ ಹೊಳೆಯ ಕಡೆಯಿಂದ ಮೊಪೆಡ್ಡಿನ ಸದ್ದು.

"ಅಮ್ಮಾ, ನೆಲಮಾಳಿಗೆಗೆ ಇಳೀರಿ!"

"ನೀನು ಇಳಿ ಮೊದ್ಲು!"

ಇಬ್ಬರೂ ಇಳಿಯಲಿಲ್ಲ. ಡ್ರೋನು ಮನೆಗಳ ಮೇಲೆ ತುಂಬ ಕೆಳಗೆ ಹಾದುಹೋಯಿತು. ಅದರ ಹೊಟ್ಟೆಯ ಮೇಲಿನ ಅಂಕಿಗಳೂ ಕಂಡವು. ಡೆಮ್ಯಾನನ ಕೈಯಲ್ಲಿದ್ದದ್ದು ಸುತ್ತಿಗೆ. ಆದರೂ ಭುಜ ಅಭ್ಯಾಸಬಲದಿಂದ ಮೇಲೆದ್ದು ಬಿಗಿಯಿತು. ಈಗ ಹೊಡಿ, ಎಂದ ಮನಸ್ಸಿನೊಳಗೆ. ಹೊಲ ಬಂತು, ಈಗ. ಹೊಲದಾಚೆಯ ಗನ್ನು ಸುಮ್ಮನಿತ್ತು. ಆಮೇಲೆ ಹೊಡೆತ ಕೇಳಿಸಿತು, ತಡವಾಗಿ. ಮೊಪೆಡ್ಡಿನ ಸದ್ದು ನಿಲ್ಲಲಿಲ್ಲ, ಸಣ್ಣದಾಗುತ್ತಾ ಹೋಯಿತು. ಕೊನೆಗೆ ದೂರದಲ್ಲಿ ನೆಲ ಒಮ್ಮೆ ನಡುಗಿತು. ಅಡುಗೆಮನೆಯಲ್ಲಿ ಹಾಡುತ್ತಿದ್ದ ರೇಡಿಯೋ ಸಾಲಿನ ಮಧ್ಯದಲ್ಲೇ ನಿಂತುಹೋಯಿತು.

ಕಾಲು ಗಂಟೆಯ ನಂತರ ಬೊಹ್ದಾನಾಳ ಫೋನು ಬಂತು. ಇವನಿಗೆ ರಜೆ ಇದ್ದ ದಿನ ಗನ್ನಿನ ಹಿಂದೆ ನಿಲ್ಲುತ್ತಿದ್ದವಳು ಅವಳೇ.

"ಮಾಮ, ಕೈತಪ್ಪಿ ಹೋಯ್ತು."

"ನೋಡ್ದೆ."

"ಆ ಅಜ್ಜಿ ಮನೆ ನೆನಪಾಯ್ತು. ಮತ್ತೆ ತಿರುಗಿ ಬಿದ್ರೆ ಅಂತ ಇನ್ನೊಂಚೂರು ದೂರ ಹೋಗ್ಲಿ ಅಂತ ಕಾದೆ. ಕಾದಿದ್ದು ಜಾಸ್ತಿಯಾಯ್ತು." ಅವಳ ಉಸಿರು ಕೇಳುತ್ತಿತ್ತು. "ವಿದ್ಯುತ್ ಕೇಂದ್ರಕ್ಕೇ ಬಿತ್ತು, ಇಡೀ ಜಿಲ್ಲೆ ಕತ್ತಲು ಮಾಮ. ಮೇಲಿನವರು ಬೈತಿದಾರೆ. ಕಾಗದದಲ್ಲಿ ಬರ್ದು ಕೊಡು ಅಂತಿದಾರೆ, ಯಾಕೆ ತಡ ಮಾಡ್ದೆ ಅಂತ. ಏನ್ ಬರೀಲಿ?"

ಡೆಮ್ಯಾನ್ ಅರ್ಧ ಮುಚ್ಚಿದ ಮಾಡಿನ ಮೇಲೆ ಕೂತ. "ಆ ಮನೆ ನಿಂತಿದೆ ಮಗಾ. ನಾನು ಅದರ ಮೇಲೇ ಕೂತಿದೀನಿ. ಅಷ್ಟು ಬರಿ."

"ಅಷ್ಟು ಸಾಕಾ?"

"ಅವರಿಗೆ ಸಾಕಾಗಲ್ಲ," ಎಂದ.

ಕೆಳಗಿನಿಂದ ಮೊತ್ರಿಯಾ ಕೂಗಿದಳು: "ಯಾರದು?"

"ನಮ್ಮ ಹುಡುಗಿ. ಈಗ ತಪ್ಪಿಸ್ಕೊಂಡಿತಲ್ಲ, ಅದು ಅವಳ ಕೈಯಿಂದ."

ಮುದುಕಿ ಬಂದು ಏಣಿ ಹಿಡಿದುಕೊಂಡಳು. "ಹೊಡೆದ್ರೂ ಅಳ್ತೀರ, ಹೊಡೀದಿದ್ರೂ ಅಳ್ತೀರ," ಎಂದಳು. "ಇಳಿದು ಬಾ. ನನ್ನ ಒಲೆಗೆ ಕರೆಂಟು ಬೇಡ."

ಅವಳು ಬೀಟ್‌ರೂಟಿನ ಬಿಸಿ ಸಾರು, ಬೋರ್ಶ್, ಬಡಿಸಿದಳು. ಡೆಮ್ಯಾನ್ ಎರಡು ಚಮಚ ಕುಡಿದು, ಬ್ರೆಡ್ಡಿನ ತುಂಡು ಕೈಯಲ್ಲಿದ್ದ ಹಾಗೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದ. ಎಷ್ಟೋ ವಾರಗಳ ನಿದ್ದೆ ಅದು. ಎದ್ದಾಗ ಹೊರಗೆ ಬೆಳಕು ಇಳಿಯುತ್ತಿತ್ತು. ಉಳಿದ ಬೋರ್ಶಿನ ಮೇಲೆ ಕೊಬ್ಬು ಕೆನೆಗಟ್ಟಿತ್ತು. ಅವಳು ಅವನನ್ನು ಎಬ್ಬಿಸಿರಲಿಲ್ಲ.

ಜಿಲ್ಲೆಗೆ ಒಂಬತ್ತು ದಿನ ಕರೆಂಟಿರಲಿಲ್ಲ. ಪೇಟೆಯ ಎತ್ತರದ ಮನೆಗಳಲ್ಲಿದ್ದವರು ಮೆಟ್ಟಿಲ ಮೇಲೆ ನೀರು ಹೊತ್ತರು. ಬೊಹ್ದಾನಾ ಬರೆದುಕೊಟ್ಟ ಕಾಗದಕ್ಕೆ ಒಂದು ಎಚ್ಚರಿಕೆ ಬಂತು, ಜೊತೆಗೆ ಅದೇ ಗಾಡಿ, ಅದೇ ಗನ್ನು, ಅದೇ ಜಾಗ. ಬೇರೆ ಜನ ಇರಲಿಲ್ಲ. ನಾಲ್ಕನೆಯ ಭಾನುವಾರ ಪಕ್ಕದ ಗಾಡಿಯವರು ಒಂದು ದಿನದ ಮಟ್ಟಿಗೆ ಕಾವಲು ನೋಡಿಕೊಂಡಿದ್ದರಿಂದ ಅವಳೂ ಡೆಮ್ಯಾನನ ಜೊತೆ ಬಂದು ಶೀಟು ಎತ್ತಿಕೊಟ್ಟಳು. ಮೊತ್ರಿಯಾ ಅವಳಿಗೂ ತಪ್ಪು ಹುಡುಕಿದಳು. ಸಾಯಂಕಾಲದ ಹೊತ್ತಿಗೆ ಮಾಡು ಮುಗಿಯಿತು.

ಡಿಸೆಂಬರಿನಲ್ಲಿ ಗಾಡಿಯ ಇಬ್ಬರನ್ನೂ ಗಡಿಯ ಕಡೆಗೆ ಕಳಿಸಿದರು. ಹಿಮ ಬಿದ್ದ ಮೇಲೆ ಒಂದು ದಿನ ಡೆಮ್ಯಾನನಿಗೆ ಮೊತ್ರಿಯಾಳ ಫೋನು ಬಂತು.

"ಚಿಮಣಿ ಹತ್ರ ಸೋರ್ತಿದೆ ಕಣಯ್ಯಾ."

"ರಜೆ ಸಿಕ್ಕಾಗ ಬರ್ತೀನಿ ಅಮ್ಮಾ."

"ಸಿಗತ್ತಾ?"

"ಗೊತ್ತಿಲ್ಲ."

ಸಿಕ್ಕಿದ್ದು ಫೆಬ್ರವರಿಯಲ್ಲಿ, ಒಂದೇ ದಿನ. ಅವನು ಬೆಳಗಿನ ಬಸ್ಸಿಗೆ ಹೋಗಿ, ಚಿಮಣಿಯ ಸುತ್ತ ತಗಡು ಬಡಿದು, ಅವಳು ಕಟ್ಟಿಕೊಟ್ಟ ಆಲೂಗಡ್ಡೆಯ ಚೀಲ ಹೊತ್ತು, ಮಧ್ಯಾಹ್ನದ ಬಸ್ಸಿಗೇ ಮರಳಿದ.